ಫ್ಯಾನ್ ಹಚ್ಚಬ್ಯಾಡ್ರಿ!

ಶಹಾಬಾದಿನಲ್ಲಿ ಮಾರ್ಚ್ ತಿಂಗಳ ನಡು ಮಧ್ಯಾಹ್ನ ಫ್ಯಾನ್ ಹಚ್ಚದೆ ಕೂತ ಮನುಷ್ಯನನ್ನು ನೀವು ನೋಡಿದ್ದೀರಾ? ನೋಡಿರದಿದ್ದರೆ ನಮ್ಮ ಮನೆಗೆ ಬನ್ನಿ. ಕರೆಂಟು ಇದೆ, ಬಿಲ್ಲು ಕಟ್ಟಿದ್ದೇನೆ, ಫ್ಯಾನಿನ ಮೂರೂ ರೆಕ್ಕೆ ಗಟ್ಟಿಮುಟ್ಟಾಗಿವೆ. ಇಲ್ಲದ್ದು ಪರವಾನಗಿ ಮಾತ್ರ. ಸ್ವಿಚ್ಚಿನ ಕಡೆಗೆ ನನ್ನ ಬೆರಳು ಹೊರಟಿತೋ ಇಲ್ಲವೋ, ಪಡಸಾಲೆಯಿಂದ ಕೂಗು ಬರುತ್ತದೆ: “ರೀ, ಫ್ಯಾನ್ ಹಚ್ಚಬ್ಯಾಡ್ರಿ! ನನ್ನ ಹೂವು ಹಾರ್ತಾವ!”

ಹೂವು ಅಂದರೆ ಮಲ್ಲಿಗೆ ಅಲ್ಲ, ಸೇವಂತಿಗೆಯೂ ಅಲ್ಲ. ಕಾಗದದ ಹೂವು.

ನಮ್ಮೂರಿನ ಹೆಸರು ಹೊರಗಿನವರಿಗೆ ಗೊತ್ತಾದದ್ದೇ ಕಲ್ಲಿನಿಂದ. ಮಹಾರಾಷ್ಟ್ರದಲ್ಲಿ ‘ಶಹಾಬಾದಿ ಫರ್ಶಿ’ ಅಂದರೆ ಮನೆಮಾತು. ನಮ್ಮೂರು ಯಾವ ದಿಕ್ಕಿಗಿದೆ ಅಂತ ತಿಳಿಯದವರೂ ನಮ್ಮೂರಿನ ಮೇಲೆ ನಡೆದಾಡಿರುತ್ತಾರೆ. ನಾವು ನೆಲಕ್ಕೆ ಹಾಸುವುದು ಫರಸಿ, ಮಾಳಿಗೆಗೆ ಹೊದಿಸುವುದು ಫರಸಿ, ಹೊಲದ ಸುತ್ತ ಬೇಲಿಯಾಗಿ ನೆಡುವುದೂ ಫರಸಿ. ಅತ್ತ ವಾಡಿ, ಮಳಖೇಡ, ಸೇಡಂ ಕಡೆಗೆ ಅದೇ ಸುಣ್ಣದಕಲ್ಲನ್ನು ಸುಟ್ಟು, ಅರೆದು, ಚೀಲಕ್ಕೆ ತುಂಬಿ ಸಿಮೆಂಟ್ ಅನ್ನುತ್ತಾರೆ. ಲಾರಿ ಲೆಕ್ಕ, ಟನ್ನಿನ ಲೆಕ್ಕ ಬಿಟ್ಟು ಬೇರೆ ಲೆಕ್ಕ ಗೊತ್ತಿಲ್ಲದ ಇಂಥ ಸೀಮೆಯಲ್ಲಿ ನನ್ನ ಹೆಂಡತಿ 3 ಮಿಲಿಮೀಟರ್ ಅಗಲದ ಕಾಗದದ ಪಟ್ಟಿ ಸುತ್ತುತ್ತ ಕೂತಿದ್ದಾಳೆ. ಹತ್ತು ಪಟ್ಟಿ ಸೇರಿದರೂ ತೂಕ ಒಂದು ಹಿಡಿ ತೊಗರಿಬೇಳೆಯಷ್ಟಾಗಲಿಕ್ಕಿಲ್ಲ. ನಮ್ಮ ಕಲಬುರಗಿ ತೊಗರಿಬೇಳೆಗಾದರೂ 2019ರಲ್ಲಿ ಜಿ.ಐ. ಟ್ಯಾಗ್ ಸಿಕ್ಕಿದೆ, ಈ ಪಟ್ಟಿಗೆ ಏನಿದೆ?

ಈ ವಿದ್ಯೆಯ ಹೆಸರು ಕ್ವಿಲ್ಲಿಂಗ್. ಸೇಡಂಗೆ ಕೊಟ್ಟ ಮಗಳು ಮೊಬೈಲಿನಲ್ಲಿ ತೋರಿಸಿ ಹಚ್ಚಿದ ಹುಚ್ಚು. ಮೊದಲ ಒಂದು ವಾರ ನನ್ನ ನಾಲಿಗೆ ಹೊರಳದೆ ‘ಕಿಲ್ಲಿಂಗ್’ ಅಂತಲೇ ಅಂದೆ. ಮೊಮ್ಮಗ ಬಿದ್ದು ಬಿದ್ದು ನಕ್ಕ. “ಅಜ್ಜಾ, ಕಿಲ್ಲಿಂಗ್ ಅಂದ್ರ ಕೊಲ್ಲೋದು!” ನಾನು ಬೆವರು ಒರೆಸಿಕೊಂಡು ತಿರುಗದ ಫ್ಯಾನಿನ ಕಡೆಗೆ ನೋಡಿದೆ. ನನ್ನ ಉಚ್ಚಾರಣೆಯಲ್ಲಿ ಅಂಥ ತಪ್ಪೇನೂ ಇರಲಿಲ್ಲ.

ಕೆಲಸ ಹೇಗೆ ಅಂದರೆ, ಊದುಬತ್ತಿಯ ಕಡ್ಡಿಯ ತುದಿಯನ್ನು ಬ್ಲೇಡಿನಿಂದ ಸೀಳಬೇಕು. ಆ ಸೀಳಿನಲ್ಲಿ ಪಟ್ಟಿಯ ತುದಿ ಸಿಗಿಸಿ ಸುತ್ತಬೇಕು. ಬಿಗಿಯಾಗಿ ಸುತ್ತಿ ಅಂಟಿಸಿದರೆ ಗುಂಡಿ. ಸಡಿಲ ಬಿಟ್ಟರೆ ಸುರುಳಿ. ಸಡಿಲ ಸುರುಳಿಯ ಒಂದು ಕಡೆ ಚಿವುಟಿದರೆ ಹನಿ, ಎರಡೂ ಕಡೆ ಚಿವುಟಿದರೆ ಕಣ್ಣು. ಹನಿಗಳನ್ನು ಸುತ್ತ ಜೋಡಿಸಿದರೆ ಹೂವು, ಕಣ್ಣು ಹಸಿರಾದರೆ ಎಲೆ. ಸ್ವಲ್ಪ ಅಗಲದ, 10 ಮಿಲಿಮೀಟರಿನ ಪಟ್ಟಿಗೆ ಕತ್ತರಿಯಿಂದ ಒತ್ತೊತ್ತಾಗಿ ಕಚ್ಚು ಕೊಟ್ಟು ಸುತ್ತಿ, ಬೆರಳಿನಿಂದ ಬಿಡಿಸಿದರೆ ಥೇಟ್ ಚೆಂಡುಹೂವು. ಸುರುಳಿಗಳೆಲ್ಲ ಒಂದೇ ಅಳತೆಗೆ ಬರಲಿ ಅಂತ ಪೇಟೆಯಲ್ಲಿ ಪ್ಲಾಸ್ಟಿಕ್ಕಿನ ಅಚ್ಚು ಸಿಗುತ್ತದಂತೆ. ನಮ್ಮಾಕೆ ಅದಕ್ಕೆ ದುಡ್ಡು ಹಾಕಲಿಲ್ಲ, ಬಳೆ ಇಟ್ಟುಕೊಂಡಳು. ತನ್ನ ಬಳೆ, ಮಗಳ ಬಳೆ, ಮೊಮ್ಮಗಳ ಬಳೆ: ದೊಡ್ಡ, ನಡುವಿನ, ಸಣ್ಣ ಅಚ್ಚು. ಇಷ್ಟು ಹೇಳುವಷ್ಟು ನಾನು ಕಲಿತಿದ್ದೇನೆ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನಿಗೆ ತಾನು ಮಾಡಲಾರದ್ದನ್ನು ವಿವರಿಸುವುದು ಕಷ್ಟವಲ್ಲ.

ಕಷ್ಟವಾದದ್ದು ಮನೆಯ ಕಾಗದಗಳನ್ನು ಉಳಿಸಿಕೊಳ್ಳುವುದು. ಮೊದಲು ಹಳೆಯ ಲಗ್ನಪತ್ರಿಕೆಗಳು ಹೋದವು. ಅವು ದಪ್ಪ, ಬಣ್ಣವೂ ಗಟ್ಟಿ. ಯಾರದೋ ಮದುವೆಯ ಮುಹೂರ್ತ ಗುಲಾಬಿಯ ಎಸಳಾಯಿತು. ಆಮೇಲೆ ಹೋದ ವರ್ಷದ ಕ್ಯಾಲೆಂಡರ್ ಹೋಯಿತು. ಅದಕ್ಕೂ ನಾನು ಚಕಾರ ಎತ್ತಲಿಲ್ಲ. ಒಂದು ದಿನ ಪಿಂಚಣಿಗೆ ಕೊಡಬೇಕಾದ ಜೀವಿತ ಪ್ರಮಾಣಪತ್ರದ ಝೆರಾಕ್ಸ್ ಹುಡುಕುತ್ತಿದ್ದೆ. ಟ್ರಂಕು, ಗಾದಿ ಕೆಳಗೆ, ದೇವರ ಜಗುಲಿ, ಎಲ್ಲೂ ಇಲ್ಲ. ಕಡೆಗೆ ನೋಡಿದರೆ ಫರಸಿಯ ಮೇಲೆ ಬಿಳಿ ಹೂವುಗಳ ರಾಶಿ; ಒಂದು ಎಸಳಿನ ಅಂಚಿನಲ್ಲಿ ನನ್ನ ಸಹಿಯ ಬಾಲ ಕಾಣುತ್ತಿದೆ! ನಾನು ಬದುಕಿದ್ದೇನೆ ಎನ್ನುವುದಕ್ಕೆ ಇದ್ದ ದಾಖಲೆ ಬೇವಿನ ಹೂವಾಗಿ ಹೋಗಿತ್ತು.

“ಬಿಳಿ ಹಾಳಿ ಖಾಲಿ ಆಗಿತ್ರಿ. ಅದರ ಹಿಂದ್ಕ ಏನೂ ಬರದಿರಲಿಲ್ಲ.”

“ಮುಂದ ಬರದಿತ್ತಲ್ಲ, ನಾ ಜೀವಂತ ಇದೀನಂತ!”

“ಅದು ಹಾಳಿ ಮ್ಯಾಲ ಯಾಕ ಬೇಕ್ರಿ? ಮುಂಜಾನಿಂದ ಒಟಾ ಒಟಾ ಅನ್ನೋದು ಓಣಿಗೆಲ್ಲಾ ಕೇಳ್ಲಕತ್ತದ.”

ಬೇವಿನ ಹೂವು ಯಾಕೆಂದರೆ ಉಗಾದಿ ಹತ್ತಿರ ಬಂದಿತ್ತು. ಉಗಾದಿಗೆ ನಾವು ಹೊಸ ಗಡಿಗೆಯಲ್ಲಿ ಮಾವಿನಕಾಯಿ, ಬೆಲ್ಲ, ಬೇವಿನ ಹೂವು ಹಾಕಿ ಬೇವು ಕುಡಿಯುವ ಮಂದಿ. ಅದನ್ನೇ ಕಾರ್ಡಿನ ಮೇಲೆ ತರಬೇಕೆಂಬುದು ಆಕೆಯ ಪ್ಲಾನು. ಒಂದು ಬೇವಿನ ಟೊಂಗೆ, ಅದರಲ್ಲಿ 20 ಹೂವು. ಬೇವಿನ ಹೂವಿಗೆ ಐದು ಎಸಳು. ಅಂದರೆ ಒಂದು ಕಾರ್ಡಿಗೆ 100 ಎಸಳು. ಮಾಡಬೇಕಾದದ್ದು ಹನ್ನೊಂದು ಕಾರ್ಡು. “ಎಸಳು ನಾಕೇ ಮಾಡು, ಯಾರು ಎಣಸ್ತಾರ?” ಅಂದೆ. ಆಕೆ ನನ್ನ ಕಡೆ ನೋಡಿದ ರೀತಿ ನೋಡಿ, ನನ್ನ ಕೈಯಲ್ಲಿ ಗಣಿತ ಕಲಿತ ಹುಡುಗರ ಬಗ್ಗೆ ನನಗೇ ಕನಿಕರ ಬಂತು.

ತಡೆಯಲಾಗದೆ ಒಮ್ಮೆ ಕೇಳಿಬಿಟ್ಟೆ: “ಬ್ಯಾರೆ ಕೆಲಸ ಇಲ್ಲೇನು ನಿನಗ?” ಆ ಪ್ರಶ್ನೆ ಕೇಳಬಾರದಿತ್ತು. ಮೊಮ್ಮಗಳು ಹೈಸ್ಕೂಲಿನಾಕೆ, ಅಜ್ಜಿಯ ಪಕ್ಷ. ಅಲ್ಲೇ ಇದ್ದ ಮೊಬೈಲ್ ತೆಗೆದು ನನಗೆ ಪಾಠ ಶುರು ಮಾಡಿದಳು. ಯೂರೋಪಿನ ಕ್ರೈಸ್ತ ಮಠಗಳಲ್ಲಿ ಪುಸ್ತಕಗಳ ಚಿನ್ನದ ಅಂಚನ್ನು ಕತ್ತರಿಸಿದಾಗ ಉಳಿದ ಪಟ್ಟಿಗಳನ್ನು ಸನ್ಯಾಸಿನಿಯರು ಹಕ್ಕಿಯ ಗರಿಯ ದಂಟಿಗೆ ಸುತ್ತಿ ದೇವರ ಪೆಟ್ಟಿಗೆಗಳನ್ನು ಸಿಂಗರಿಸುತ್ತಿದ್ದರಂತೆ. ಕ್ವಿಲ್ ಅಂದರೆ ಆ ಗರಿ. ಹೆಸರು ಹಾಗೆ ಬಂದದ್ದು. ಆಮೇಲೆ 18ನೇ ಶತಮಾನದಲ್ಲಿ ಇಂಗ್ಲೆಂಡಿನ ದೊಡ್ಡ ಮನೆತನದ ಹೆಂಗಸರಿಗೆ ಇದರ ಗೀಳು ಹತ್ತಿತು. ಮೂರನೇ ಜಾರ್ಜ್ ರಾಜನ ಮಗಳೂ ಕಾಗದ ಸುತ್ತಿದವಳೇ. 1811ರಲ್ಲಿ ಬಂದ ಜೇನ್ ಆಸ್ಟೆನ್‌ರ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ ಕಾದಂಬರಿಯಲ್ಲಿ ಒಬ್ಬ ಹುಡುಗಿ ಶ್ರೀಮಂತರ ಮನೆಯ ಮುದ್ದಿನ ಮಗುವಿಗಾಗಿ ಇಂಥದೇ ಕಾಗದದ ಬುಟ್ಟಿ ಮಾಡುತ್ತ ಕೂರುತ್ತಾಳೆ. ಮಗುವಿಗಿಂತ ತಾಯಿಯನ್ನು ಒಲಿಸಿಕೊಳ್ಳುವ ಉಪಾಯ ಅದು. “ರಾಜನ ಮಗಳಿಗೆ ಬ್ಯಾರೆ ಕೆಲಸ ಇರಲಿಲ್ಲ, ಖರೇ,” ಅಂದಳು ನಮ್ಮಾಕೆ ಸುರುಳಿಯಿಂದ ಕಣ್ಣೆತ್ತದೆ. “ಆದ್ರ ಆಕಿ ರೊಟ್ಟಿ ಬಡದು, ಭಾಂಡಿ ತಿಕ್ಕಿ ಕೂಡ್ತಿದ್ದಿಲ್ಲ. ನಾ ಅದನ್ನೆಲ್ಲಾ ಮುಗಿಸೇ ಕೂಡ್ತೀನಿ.”

ಇನ್ನೊಂದು ಅಸ್ತ್ರ ನನ್ನಲ್ಲಿತ್ತು. “ಕಲ್ಲಿನ ಊರಾಗ ಕಾಗದಕ್ಕ ಏನ್ ಕಿಮ್ಮತ್ತು?” ಅಂದೆ. ರಸಾಯನಶಾಸ್ತ್ರ ಕಲಿಸುವ ಅಳಿಯ ಅದನ್ನೂ ಮುರಿದು ಕೈಗೆ ಕೊಟ್ಟ. ಹಾಳೆ ಬೆಳ್ಳಗೆ, ನುಣ್ಣಗೆ ಕಾಣಲೆಂದು ಈಗಿನ ಎಷ್ಟೋ ಬಿಳಿ ಕಾಗದಗಳಲ್ಲಿ ಸುಣ್ಣದಕಲ್ಲಿನದೇ ನುಣುಪಾದ ಪುಡಿ ಸೇರಿಸುತ್ತಾರಂತೆ. “ಮಾವಾರೇ, ಅತ್ತಿಯವರು ಸುತ್ತೋದೂ ಒಂದು ನಮೂನಿ ಫರಸೀನೇ ಬಿಡ್ರಿ.” ಅಳಿಯನನ್ನು ಆರಿಸುವಾಗ ಕಲಾ ವಿಭಾಗದವನನ್ನು ನೋಡಬೇಕಿತ್ತು.

ಹನ್ನೊಂದು ಕಾರ್ಡು ಆದವು. ಈಗ ಕಳಿಸುವುದು ಹೇಗೆ? ಲಂಡನ್ನಿನಲ್ಲಿ ಹೆನ್ರಿ ಕೋಲ್ ಎಂಬುವರು 1843ರಲ್ಲಿ ಮೊದಲ ಕ್ರಿಸ್‌ಮಸ್ ಕಾರ್ಡು ಅಚ್ಚು ಹಾಕಿಸಿದರಲ್ಲ, ಅದು ಚಪ್ಪಟೆ. ನಮ್ಮ ದೇಶಕ್ಕೆ 1879ರಲ್ಲಿ ಬಂದ ಅಂಚೆ ಕಾರ್ಡೂ ಚಪ್ಪಟೆ. ಶುಭಾಶಯ ಅನ್ನುವುದು ಚಪ್ಪಟೆಯಾಗಿದ್ದರೇ ಪ್ರಯಾಣ ಮಾಡಬಲ್ಲದು. ಇವಳ ಕಾರ್ಡಿನ ಮೇಲೆ ಟೊಂಗೆ ಒಂದು ಬೆರಳು ಎತ್ತರ ಎದ್ದು ನಿಂತಿದೆ. ಪರೀಕ್ಷೆಗೆಂದು ಒಂದನ್ನು ಲಕೋಟೆಗೆ ಒತ್ತಿ ತುರುಕಿ ಅಂಚೆಗೆ ಹಾಕಿದ್ದೆವು. ಅದು ಹಪ್ಪಳವಾಗಿ ಮುಟ್ಟಿತು. ಯಾರನ್ನೂ ಬೈಯುವ ಹಾಗಿಲ್ಲ. ತುರುಕಿದ ಕೈ ನನ್ನದೇ.

“ನೀವೇ ಹೋಗಿ ಕೊಟ್ಟು ಬರ್ರಿ,” ಅಂದಳು.

“ನೀನೇ ಹೋಗಬಹುದಲ್ಲ? 2023ರಿಂದ ಸರ್ಕಾರಿ ಬಸ್ಸಿನಾಗ ನಿನಗ ಪುಕ್ಕಟೆ. ನನಗ ರೊಕ್ಕ!”

“ಪುಕ್ಕಟೆ ಅಂತನೇ ಬಸ್ಸಿನಾಗ ಹೆಣ್ಮಕ್ಕಳ ಗದ್ದಲ. ನನ್ನ ಡಬ್ಬಿ ಚಪ್ಪಟಿ ಆಗ್ತದ. ನೀವು ರೈಲಿಗೆ ಹೋಗ್ರಿ.”

ಈ ಪುಕ್ಕಟೆ ಬಸ್ಸಿನ ಶಕ್ತಿ ಯೋಜನೆಯಿಂದ ಗಂಡಸಿಗೆ ಹೀಗೂ ಒಂದು ಕೆಲಸ ಹುಟ್ಟಬಹುದೆಂದು ಯಾವ ಸರ್ಕಾರಕ್ಕೂ ಹೊಳೆದಿರಲಾರದು.

ಡಬ್ಬಿ ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಕೂತಾಗ ಒಂದು ಮಾತು ಹೊಳೆಯಿತು. ನಮ್ಮ ಕಡೆ ಶುಭಾಶಯ ಕಳಿಸುವ ಪದ್ಧತಿಯೇ ಇಲ್ಲ. ಒಯ್ದು ಕೊಡುವ ಪದ್ಧತಿ. ದಸರೆಗೆ ಬನ್ನಿ ಎಲೆ ಹಿಡಿದು ಮನೆ ಮನೆಗೆ ಹೋಗುತ್ತೇವೆ, ಬಂಗಾರದಂತೆ ಇರೋಣ ಅನ್ನುತ್ತೇವೆ. ಸಂಕ್ರಮಣಕ್ಕೆ ಕುಸುರೆಳ್ಳು. ವರ್ಷವಿಡೀ ಮುಖ ತಿರುಗಿಸಿದವನ ಬಾಗಿಲಿಗೂ ಅವತ್ತು ಹೋಗಲೇಬೇಕು. ಅವನೂ ಕೈ ಚಾಚಲೇಬೇಕು. ಬನ್ನಿ ಎಲೆಗೆ ಪೇಟೆಯಲ್ಲಿ ಬೆಲೆ ಇಲ್ಲ, ಆದರೆ ಒಯ್ದವನ ಕಾಲಿಗೆ ಧೂಳು ಮೆತ್ತಿರುತ್ತದೆ. ವಾಟ್ಸಾಪ್ ಬಂದ ಮೇಲೆ ನಮ್ಮ ಕಾಲು ಸ್ವಚ್ಛವಾದವು. ಈಗ ಈಕೆ ಚಪ್ಪಟೆಯಾಗದ ಕಾರ್ಡು ಮಾಡಿ ಮತ್ತೆ ನನ್ನ ಕಾಲಿಗೆ ಧೂಳು ಹಚ್ಚಿದ್ದಾಳೆ. ಬೇಕೆಂದೇ ಮಾಡಿದಳೋ ಏನೋ, ಕೇಳುವ ಧೈರ್ಯ ನನಗಿಲ್ಲ.

ವಾಡಿಯಲ್ಲಿ ಗಾಡಿ ಬದಲಾಯಿಸಬೇಕು. ನಿಜಾಮರ ಕಾಲದಲ್ಲಿ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ಹಳಿ ಹಾಕಿದಂದಿನಿಂದ ಈ ಜಂಕ್ಷನ್ನಿನಲ್ಲಿ ಜನ ಕಾಯುತ್ತಲೇ ಇದ್ದಾರೆ. ಕಾಯುವವರಿಗೆ ಮಿರ್ಚಿ ಭಜಿಯೇ ಗತಿ. ನಾನೂ ಎರಡು ತಿಂದೆ. ತಿಂದ ಕೈಯಿಂದಲೇ, ಹೂವು ಹೇಗಿವೆಯೋ ಅಂತ ಡಬ್ಬಿ ತೆರೆದೆ. ಮುಂದಿನದನ್ನು ನೀವೇ ಊಹಿಸಿ. ಮೇಲಿನ ಕಾರ್ಡಿನ ಮೂಲೆಗೆ ನನ್ನ ಹೆಬ್ಬೆರಳು ಅಚ್ಚುಕಟ್ಟಾಗಿ ಎಣ್ಣೆಯಲ್ಲಿ ಮೂಡಿತು. ಜೀವಿತ ಪ್ರಮಾಣಪತ್ರ ಹೋದರೂ ಹೆಬ್ಬೆಟ್ಟಿನ ಗುರುತು ಉಳಿಯಿತು. ಆ ಕಾರ್ಡನ್ನು ಎಲ್ಲಕ್ಕಿಂತ ಕೆಳಗೆ ಸೇರಿಸಿದೆ; ಕಣ್ಣು ಮಂದವಾದವರು ಯಾರಿಗಾದರೂ ಕೊಟ್ಟರಾಯಿತು.

ಚಿತ್ತಾಪುರದಲ್ಲಿ ಇಳಿದು ಮೊದಲು ಹೋದದ್ದು ಒಬ್ಬ ಚಾಚಾನ ಮನೆಗೆ. ಮೊಹರಂ ಬಂತೆಂದರೆ ತಾಬೂತಿಗೆ ಕಾಗದ ಕತ್ತರಿಸುತ್ತಿದ್ದ ಕೈ ಅವರದು. ನಮ್ಮ ಭಾಗದಲ್ಲಿ ಮೊಹರಮ್ಮಿಗೆ ಹಿಂದೂ ಮುಸ್ಲಿಂ ಅಂತ ಇಲ್ಲ. ಎಷ್ಟೋ ಹಳ್ಳಿಗಳಲ್ಲಿ ಪೀರಲ ದೇವರನ್ನು ಹೊರುವವರು, ಹರಕೆ ಹೊತ್ತವರು ಎರಡೂ ಕಡೆಯವರು. ಬಿದಿರಿನ ಚೌಕಟ್ಟು, ಮೇಲೆ ಬಣ್ಣದ ಹಾಳೆ, ಬೇಗಡೆ, ಜಾಳಿಗೆ ಜಾಳಿಗೆಯಾಗಿ ಕತ್ತರಿಸಿದ ಹೂವು. ಮದುವೆ ಹಂದರಕ್ಕೆ ಪರಪರಿ ಹಚ್ಚುವುದೂ ಇವರದೇ ಕೆಲಸವಾಗಿತ್ತು. ಈಗ ಹಂದರವೂ ಬಾಡಿಗೆ, ಪರಪರಿಯೂ ಪ್ಲಾಸ್ಟಿಕ್ಕು.

ಚಾಚಾ ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು, ಓರೆ ಮಾಡಿ, ಬೆಳಕಿಗೆ ತೋರಿಸಿ ನೋಡಿದರು. ನಾನು ಪರೀಕ್ಷೆಗೆ ಕೂತ ಹುಡುಗನ ಹಾಗೆ ನಿಂತಿದ್ದೆ.

“ಮಾಸ್ತರೇ, ಕೆಲಸ ಸಾಫ್ ಅದ. ಆದ್ರ ಇಲ್ಲಿ ನೋಡ್ರಿ, ಗೋಂದು ಜಾಸ್ತಿ ಆಗ್ಯಾದ. ಹೊಳಿಲಕತ್ತದ. ಗೋಂದು ಕಾಣಬಾರದ್ರಿ, ಹೂವಷ್ಟೇ ಕಾಣಬೇಕು.”

ನಾನು ಹೆಂಡತಿಯ ಪರವಾಗಿ ತಲೆ ತಗ್ಗಿಸಿದೆ. ಮನಸ್ಸಿನಲ್ಲಿ ಮಾತ್ರ, ಈ ಮಾತನ್ನು ಮನೆಯಲ್ಲಿ ಹೇಗೆ ಹೇಳಲಿ, ಯಾವಾಗ ಹೇಳಲಿ ಅಂತ ಸಂತೋಷಪಡುತ್ತಿದ್ದೆ.

“ನಮ್ದು ಹತ್ತು ದಿನದ ಹೂವು,” ಅಂದರು ಚಾಚಾ. “ಹತ್ತು ದಿನ ರಾತ್ರಿ ಹಗಲು ಮಾಡೋದು, ಕಡೀ ದಿನ ನೀರಿಗೆ. ನಿಮ್ದು ಎಷ್ಟು ದಿನದ್ದು?”

ನನಗೆ ಉತ್ತರ ಹೊಳೆಯಲಿಲ್ಲ. ಚಹಾ ಬಂತು, ಕುಡಿದೆ.

ಚಿತ್ತಾಪುರ ಬಿಟ್ಟರೆ ಸೇಡಂಗೆ ಮೊದಲು ಮಳಖೇಡ ರೋಡ್. ಕಾಗಿಣಾ ಹೊಳೆಯ ದಂಡೆಯ ಈ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗ ಆಳಿದ್ದು ಇಲ್ಲಿಂದ, ಕ್ರಿ.ಶ. 850ರ ಸುಮಾರಿಗೆ ‘ಕವಿರಾಜಮಾರ್ಗ’ ಹುಟ್ಟಿದ್ದು ಇವನ ಆಸ್ಥಾನದಲ್ಲಿ. ಅದನ್ನು ಶ್ರೀವಿಜಯ ಬರೆದನಲ್ಲ, ಅವನ ಮುಂದೆ ಒಂದು ಹಾಳೆ ಕಾಗದ ಇರಲಿಲ್ಲ. ತಾಳೆಗರಿ ಮೇಲೆ ಕಂಟದಿಂದ ಕೊರೆಯುವ ಕಾಲ. ಕಾಗದ ಅನ್ನುವ ವಸ್ತು ಮಾತ್ರವಲ್ಲ, ಆ ಶಬ್ದವೂ ನಮಗೆ ಪಾರಸಿಯಿಂದ ಆಮೇಲೆ ಬಂದದ್ದು. ಬಂದದ್ದೇ ತಡ, ನಾವು ಓಲೆಯನ್ನು ಬದಿಗಿಟ್ಟು ಪತ್ರಕ್ಕೂ ಕಾಗದ ಅಂದೆವು: “ಮಗಳಿಂದ ಕಾಗದ ಬಂತೇನು?” ಹಾಳೆಯೂ ಕಾಗದ, ಅದರೊಳಗಿನ ಸುದ್ದಿಯೂ ಕಾಗದ. ಆ ಲೆಕ್ಕದಲ್ಲಿ ನಮ್ಮಾಕೆಯ ಬೇವಿನ ಟೊಂಗೆ ಒಂದಕ್ಷರ ಬರೆಯದ ಕಾಗದ. ಕಾಗದವೇ ಇಲ್ಲದ ಆಸ್ಥಾನದಲ್ಲಿ ಆಕೆ ಇದ್ದಿದ್ದರೆ ಏನು ಗತಿ ಅಂತ ಯೋಚಿಸಿದೆ. ಮಾನ್ಯಖೇಟದ ತಾಳೆಗರಿಗಳು ಸುರುಳಿಯಾಗಿ ಹೋಗಿ, ಕನ್ನಡ ಸಾಹಿತ್ಯದ ಚರಿತ್ರೆ ಒಂದು ಅಧ್ಯಾಯ ತಡವಾಗಿ ಶುರುವಾಗುತ್ತಿತ್ತು.

ಸೇಡಂನಲ್ಲಿ ಬೀಗರು. ಬೀಗರ ಮನೆಯಲ್ಲಿ ಯಾವ ವಸ್ತುವಿಗಾದರೂ ಮೊದಲ ಪ್ರಶ್ನೆ ಒಂದೇ: “ಎಷ್ಟು ಬಿತ್ತು?”

ಬೀಳಲಿಲ್ಲ, ಮಾಡಿದ್ದು ಅಂದೆ. ಹಾಗಾದರೆ ಎಷ್ಟಕ್ಕೆ ಮಾರಬಹುದು ಅಂದರು. ನಾವಿಬ್ಬರೂ ಕಾಗದ ಪೆನ್ನು ಹಿಡಿದು ಕೂತೆವು. (ಆ ಕಾಗದವನ್ನು ಮಗಳು ಆಸೆಯಿಂದ ನೋಡುತ್ತಿದ್ದಳು.) ಒಂದು ಕಾರ್ಡಿಗೆ ಹೆಚ್ಚುಕಡಿಮೆ ಪೂರ್ತಿ ಒಂದು ದಿನ. ಉದ್ಯೋಗ ಖಾತ್ರಿಯಲ್ಲಿ ಮಣ್ಣು ಅಗೆದರೆ ನಮ್ಮ ರಾಜ್ಯದಲ್ಲಿ 2025ರ ಏಪ್ರಿಲ್‌ನಲ್ಲಿ ಗೊತ್ತುಮಾಡಿದ್ದ ಕೂಲಿ ದಿನಕ್ಕೆ 370 ರೂಪಾಯಿ. ಮಣ್ಣಿಗಿಂತ ಹೂವು ಕಡಿಮೆಯೇ? ಅಲ್ಲ. ಹಾಗಾದರೆ 370, ಮೇಲೆ ಹಾಳೆ, ಗೋಂದು, ನನ್ನ ರೈಲು ಚಾರ್ಜು. 400 ದಾಟಿತು. ಬೀಗರು ಕಾರ್ಡನ್ನು ಮತ್ತೊಮ್ಮೆ ನೋಡಿ, “ಇದು ಕಾಗದ ಅಲ್ಲೇನ್ರಿ?” ಅಂದರು. ಜಾತ್ರೆಯಲ್ಲಿ, ಮೇಳದಲ್ಲಿ ಕೈಕಸುಬಿನ ಅಂಗಡಿ ಹಾಕಿದ ಹೆಣ್ಣುಮಕ್ಕಳನ್ನು ಕೇಳಿ ನೋಡಿ, ದಿನಕ್ಕೆ ನೂರು ಸಲ ಕೇಳುವ ಮಾತು ಇದೇ. ಚಿನ್ನದ ಅಂಗಡಿಯಲ್ಲಿ ಮಜೂರಿ ಎಷ್ಟೆಂದರೆ ಅಷ್ಟು ಕೊಡುತ್ತೇವೆ. ಕಾಗದದಲ್ಲಿ ಮಜೂರಿ ಬಿಟ್ಟರೆ ಬೇರೇನೂ ಇಲ್ಲ, ಅದಕ್ಕೇ ಕೊಡುವುದಿಲ್ಲ.

ಅಷ್ಟೆಲ್ಲ ಲೆಕ್ಕ ಹಾಕಿದ ಬೀಗರು ಕಾರ್ಡನ್ನು ಮಾತ್ರ ಶೋಕೇಸಿನ ಗಾಜಿನೊಳಗೆ ಇಟ್ಟು ಕೀಲಿ ಹಾಕಿದರು. ಕೀಲಿಯನ್ನು ಜೇಬಿಗೆ ಹಾಕಿಕೊಂಡರು.

ಚಿಂಚೋಳಿಗೆ ರೈಲಿಲ್ಲ. ಅಲ್ಲಿಗೆ ಬಸ್ಸೇ. ಮುಲ್ಲಾಮಾರಿ ಹೊಳೆ, ಚಂದ್ರಂಪಳ್ಳಿ ಡ್ಯಾಮು, ವನ್ಯಜೀವಿ ಧಾಮ ಇರುವ ತಾಲ್ಲೂಕು ಅದು. ನಮ್ಮ ಜಿಲ್ಲೆಯಲ್ಲಿ ಕಾಡು ನೋಡಬೇಕೆಂದರೆ ಅಲ್ಲಿಗೇ ಹೋಗಬೇಕು. ನನಗೆ ಕಂಡದ್ದು ಮಾತ್ರ ಎದುರಿನವರ ಬೆನ್ನು. ಸೀಟು ಸಿಗದೆ ಡಬ್ಬಿಯನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದೆ. “ಏನ್ರಿ ಅದು, ತತ್ತಿನಾ?” ಅಂತ ಒಬ್ಬಾಕೆ ಕೇಳಿದಳು. ಹೂವು ಅಂದೆ. “ಹೂವು ಯಾಕ ಡಬ್ಬಿ ಒಳಗ? ಬಾಡಲ್ಲೇನು?” ಬಾಡುವುದಿಲ್ಲ ಅಂದೆ. ಆಕೆ ಪಕ್ಕದವಳಿಗೆ ತೆಲುಗಿನಲ್ಲಿ ಏನೋ ಹೇಳಿದಳು, ಇಬ್ಬರೂ ನಕ್ಕರು. ನಕ್ಕ ಮೇಲೆ ಜರುಗಿ ಜಾಗ ಕೊಟ್ಟರು.

ಚಿಂಚೋಳಿಯಲ್ಲಿರುವುದು ನನ್ನ ಚಿಕ್ಕವ್ವ, ಅವ್ವನ ತಂಗಿ. ಎಂಬತ್ತು ದಾಟಿ ಕೆಲವು ಉಗಾದಿಗಳಾಗಿವೆ. ಡಬ್ಬಿಯಲ್ಲಿ ಉಳಿದಿದ್ದದ್ದು ಒಂದೇ ಕಾರ್ಡು, ಎಣ್ಣೆಯದು. ಕಣ್ಣು ಮಂದ ಅಂತ ನಂಬಿ ಕೊಟ್ಟೆ. ಆಕೆ ಮೂಸಿ ನೋಡಿದಳು.

“ಇದಕ್ಕ ಒಗ್ಗರಣಿ ಹಾಕ್ಯಾಳೇನು ನಿನ್ನ ಹೇಣ್ತಿ?”

ಆಮೇಲೆ ಬೆರಳಿನಿಂದ ಹೂವು ಮುಟ್ಟಿ ನೋಡಿದಳು, ಒಂದೊಂದಾಗಿ. ಕಣ್ಣಿಗಿಂತ ಆ ಬೆರಳು ಚುರುಕು. “ಏ ತಮ್ಮಾ, ಇದು ಗವಲಿ ಅಲ್ಲೇನು?”

ಗವಲಿ! ಹೌದಲ್ಲ. ರವೆಯ ಕಣಕ ನಾದಿ, ಚೂರು ಚೂರು ಮುರಿದು, ಬೆರಳ ತುದಿಯಲ್ಲಿ ಹೊಸೆದು, ಉಗುರಿನಿಂದ ಒತ್ತಿ, ಹಣಿಗೆಯ ಮೇಲೆ ಉರುಳಿಸಿ ಮಾಡುತ್ತಿದ್ದ ಗವಲಿ, ಬಟ್ಟಲಗವಲಿ, ಪರಡಿ. ಬಿಸಿಲಿಗೆ ಒಣಗಿಸಿ ಡಬ್ಬಿ ತುಂಬಿ, ಮದುವೆಯಲ್ಲಿ ರುಖವತಕ್ಕೆ ಇಡುತ್ತಿದ್ದರು. ಬೀಗರ ಕಡೆಯ ಹೆಂಗಸರು ಒಂದೊಂದನ್ನೇ ಎತ್ತಿ ಹಿಡಿದು, ಹುಡುಗಿಯ ಕೈ ಎಂಥದು ಅಂತ ನೋಡುತ್ತಿದ್ದರು. ಆಮೇಲೆ ಅದು ಪಾಯಸವಾಗಿ ಹೊಟ್ಟೆಗೆ. ಆ ಯೂರೋಪು, ಸನ್ಯಾಸಿನಿ, ರಾಜನ ಮಗಳು ಅಂತ ಮೊಮ್ಮಗಳು ಹೇಳಿದ ಪಾಠವೆಲ್ಲ ನಮ್ಮ ಅಡುಗೆಮನೆಯ ನಾಗಂದಿಗೆಯ ಮೇಲೆ ಡಬ್ಬಿಯಲ್ಲಿತ್ತು.

“ನನ್ನ ಲಗ್ನದಾಗ ಐದು ಸೇರು ಮಾಡಿದ್ದೆ,” ಅಂದಳು ಚಿಕ್ಕವ್ವ. “ನಿಮ್ಮ ಚಿಕ್ಕಪ್ಪ ಒಂದು ದಿವಸಾನೂ ಛಂದ ಅದಾವ ಅನ್ನಲಿಲ್ಲ. ತಿಂದ.”

ಡಬ್ಬಿಯ ತಳದಲ್ಲಿ ರಿಪೇರಿ ಸಾಮಾನು ಇತ್ತು. ದಾರಿಯಲ್ಲಿ ಎಸಳು ಬಿಚ್ಚಿದರೆ ಇರಲಿ ಅಂತ ನಮ್ಮಾಕೆ ಹತ್ತಿಪ್ಪತ್ತು ಬಿಳಿ ಪಟ್ಟಿ, ಗೋಂದು, ಸೀಳಿದ ಊದುಬತ್ತಿ ಕಡ್ಡಿ ಇಟ್ಟಿದ್ದಳು. ಚಿಕ್ಕವ್ವ ಪಟ್ಟಿ ಎತ್ತಿಕೊಂಡಳು. ಕಡ್ಡಿ ಕೊಡಲು ಹೋದೆ, ಕೈ ಅಲ್ಲಾಡಿಸಿ ಬೇಡ ಅಂದಳು. ದಿನಾ ಹೂಬತ್ತಿ ಹೊಸೆಯುವ ಬೆರಳು ಅವು. ಹೆಬ್ಬೆರಳು ತೋರುಬೆರಳಿನ ನಡುವೆ ಪಟ್ಟಿ ಒಮ್ಮೆ ಮಡಚಿತು, ಆಮೇಲೆ ಅದರ ಪಾಡಿಗೆ ಅದೇ ಸುತ್ತಿಕೊಂಡು ಹೋಯಿತು. ಚಿವುಟಿ ನೆಲದ ಮೇಲಿಟ್ಟಳು. ಇನ್ನೊಂದು. ಮತ್ತೊಂದು. ಗಜ್ಜಿಗದ ಕಾಳಿನ ಹಾಗೆ ಫರಸಿಯ ಮೇಲೆ ಸಾಲು ಬೆಳೆಯಿತು. ಗೋಂದು ಎಷ್ಟು ಹಚ್ಚಿದಳೆಂದರೆ, ಚಿತ್ತಾಪುರದ ಚಾಚಾ ಓರೆ ಮಾಡಿ ನೋಡಿದರೂ ಕಾಣದಷ್ಟು.

ನಾನು ಗೋಡೆಗೆ ಒರಗಿ ಕೂತೆ. ಮೇಲೆ ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಶಿವರಾತ್ರಿ ಕಳೆದ ಮೇಲೆ ಮೊದಲ ಸಲ ನನ್ನ ಅಂಗಿ ಒಣಗುತ್ತಿತ್ತು. ಸುಖವಾಗಿ ಕಣ್ಣು ಮುಚ್ಚಿದೆ.

“ಏ ತಮ್ಮಾ,” ಅಂದಳು ಚಿಕ್ಕವ್ವ, “ಆ ಫ್ಯಾನ್ ಬಂದ್ ಮಾಡು. ಇವು ಹಾರ್ತಾವ.”